ಹನ್ನೆರಡು ಸಲ ಹೋಗಿ ಬಂದ ಕೀಮೋ ಡೇ ಕೇರ್ ಬಗ್ಗೆ

ಐದಕ್ಕೆ ನಾಲ್ಕು ಸ್ಟಾರ್. ನರ್ಸ್‌ಗಳಿಗೆ ಮಾತ್ರ ಕೊಡುವುದಾದರೆ ಪೂರ್ತಿ ಐದು. ಕಳೆದ ಆ ಒಂದು, ಅವರಿಗೆ ಡ್ಯೂಟಿ ಹಾಕುವವರ ಲೆಕ್ಕಕ್ಕೆ.

ನನ್ನ ತಮ್ಮನಿಗೆ ಹಾಡ್ಜ್‌ಕಿನ್ ಲಿಂಫೋಮಾ, ದುಗ್ಧಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್. ಎಬಿವಿಡಿ ಅನ್ನುವ ನಾಲ್ಕು ಔಷಧಿಗಳ ಕೀಮೋ, ಎರಡು ವಾರಕ್ಕೊಮ್ಮೆ. ಆರು ಸೈಕಲ್ ಅಂದರೆ 12 ಸಲ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವುದು, ಅಡ್ಮಿಟ್ ಆಗುವ ಕೆಲಸ ಇಲ್ಲ. ಜಾಗ ಸ್ವಚ್ಛವಾಗಿದೆ, ಕುರ್ಚಿ ಹಿಂದಕ್ಕೆ ಬಾಗುತ್ತದೆ. ಅದರ ಬಗ್ಗೆ ಇಷ್ಟು ಸಾಕು.

ಅವನ ಫೈಲಿನ ಮೂಲೆಯಲ್ಲಿ ಇನ್ನೊಂದು ವಿಷಯ ಇದೆ: ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್. ಕಿವಿ ಚೆನ್ನಾಗಿದೆ, ಬುದ್ಧಿ ಚುರುಕಾಗಿದೆ. ಕೇಳಿದ ಮಾತು ಒಳಗೆ ಕೂರುವುದು ಮಾತ್ರ ನಿಧಾನ. ಉದ್ದನೆ ವಾಕ್ಯ ಮುಗಿಯುವಷ್ಟರಲ್ಲಿ ಅರ್ಧ ಜಾರಿ ಹೋಗಿರುತ್ತದೆ. ನೂರು ಮಕ್ಕಳಲ್ಲಿ ಸುಮಾರು 7 ಮಂದಿಗೆ ಇದು ಇರುತ್ತದೆ, ಆದರೂ ಹೆಸರು ಕೇಳಿದವರು ಕಮ್ಮಿ. ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಿದ್ದರು. ಡೊರೊಥಿ ಬಿಷಪ್ ಮತ್ತು ಇತರ ತಜ್ಞರು ಈ ಹೆಸರನ್ನೇ ಬಳಸೋಣ ಎಂದು ಒಪ್ಪಿ ಬರೆದದ್ದು 2017ರಲ್ಲಿ. ಅಷ್ಟರಲ್ಲಿ ನನ್ನ ತಮ್ಮ ಸೋಮಾರಿ ಅನ್ನಿಸಿಕೊಂಡೇ ಶಾಲೆ ಮುಗಿಸಿ ಆಗಿತ್ತು. ದೊಡ್ಡವರಾದ ಮೇಲೆ ಸರಿಹೋಗುತ್ತೆ ಅಂದುಕೊಳ್ಳುತ್ತಾರೆ. ಎಷ್ಟೋ ಜನರಿಗೆ ಹೋಗುವುದಿಲ್ಲ, ಮುಚ್ಚಿಡುವುದನ್ನು ಕಲಿಯುತ್ತಾರೆ ಅಷ್ಟೇ. ಇವನ ಉಪಾಯ, ಏನೇ ಕೇಳಿದರೂ ‘ಹ್ಞೂಂ’ ಅನ್ನುವುದು.

ಕೀಮೋ ಕುರ್ಚಿಯಲ್ಲಿ ಆ ‘ಹ್ಞೂಂ’ ಅಪಾಯ. ಎಬಿವಿಡಿಯಲ್ಲಿ ಡಾಕ್ಸೊರುಬಿಸಿನ್ ಅನ್ನುವ ಕೆಂಪು ಔಷಧಿ ಇದೆ. ಅದು ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ, ಅದರಡಿಯ ಮಾಂಸ ಸುಟ್ಟ ಹಾಗೆ ಹಾಳಾಗಬಹುದು. ಅದಕ್ಕೇ ಸಿಸ್ಟರ್ ಪಕ್ಕದಲ್ಲೇ ಕೂತು ಸಿರಿಂಜಿನಲ್ಲಿ ಕೊಡುತ್ತಿದ್ದರು. ಗೌನ್, ಕೈಗೆ ಎರಡೆರಡು ಗ್ಲೌಸ್. ಸ್ವಲ್ಪ ಒತ್ತಿ, ಸ್ವಲ್ಪ ಹಿಂದಕ್ಕೆ ಎಳೆದು, ರಕ್ತ ಬರ್ತಿದೆಯಾ ನೋಡಿ, ಮತ್ತೆ ಒತ್ತಿ. ನಡುನಡುವೆ ಕೇಳುತ್ತಿದ್ದರು. ಸೋರುತ್ತಿದೆ ಅನ್ನುವ ಮೊದಲ ಸುಳಿವು ಎಷ್ಟೋ ಸಲ ರೋಗಿಯ ಬಾಯಿಂದಲೇ ಬರಬೇಕು.

“ಉರಿ ಇದೆಯಾ?” “ಹ್ಞೂಂ.” “ಆರಾಮಾಗಿದ್ದೀರಾ?” “ಹ್ಞೂಂ.”

ಸಿಸ್ಟರ್ ಕೈ ನಿಂತಿತು. ನನ್ನ ಕಡೆ ತಿರುಗಲಿಲ್ಲ. (ಎಲ್ಲರೂ ತಿರುಗುವುದು ನನ್ನ ಕಡೆಗೇ. ಅವನು ಅಲ್ಲಿ ಇಲ್ಲವೇನೋ ಅನ್ನುವ ಹಾಗೆ.) ಅವನನ್ನೇ ನೋಡಿ, “ಎಲ್ಲಿ? ತೋರಿಸಿ,” ಅಂದರು. ಅವನು ಇನ್ನೊಂದು ಕೈ ಎತ್ತಿ ಮೂಗು ತೋರಿಸಿದ. ಮಾಸ್ಕ್‌ನ ತಂತಿ ಒತ್ತುತ್ತಿತ್ತಂತೆ! ಆವತ್ತಿನಿಂದ ಅವರು ಹೌದು-ಇಲ್ಲ ಅನ್ನುವಂಥ ಪ್ರಶ್ನೆಯನ್ನೇ ಕೇಳಲಿಲ್ಲ.

ಮಾತ್ರೆ ವಿಷಯವೂ ಹಾಗೆ. “ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ” ಅಂದರೆ ಅವನ ಕಿವಿಗೆ ಮೊದಲು ಬೀಳುವುದು ಊಟ. ಹಾಗಾಗಿ ಮೊದಲು ಊಟ ಮಾಡುತ್ತಾನೆ. ಸಿಸ್ಟರ್ ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಮಾತ್ರೆ. ಅರ್ಧ ಗಂಟೆ. ಊಟ. ಮೂರು ಸಾಲು, ನಡುವೆ ಬಾಣದ ಗುರುತು. ಹೇಳಿದ್ದನ್ನು ಅವನ ಬಾಯಲ್ಲೇ ವಾಪಸ್ ಹೇಳಿಸಿದರು. ಐದು ನಿಮಿಷ ಹಿಡಿಯಿತು.

ಆ ಐದು ನಿಮಿಷವೇ ಅಲ್ಲಿ ಸಿಗುವುದಿಲ್ಲ. ಮಧ್ಯಾಹ್ನ ಒಬ್ಬ ನರ್ಸ್‌ಗೆ ಆರು ಕುರ್ಚಿ. ಡ್ಯೂಟಿ ಹಂಚುವುದು ಕುರ್ಚಿ ಎಣಿಸಿ. ಆದರೆ ಒಂದು ಕುರ್ಚಿಯವರದ್ದು ಹತ್ತು ನಿಮಿಷದ ಇಂಜೆಕ್ಷನ್, ಇನ್ನೊಂದರದ್ದು ಐದು ಗಂಟೆಯ ಡ್ರಿಪ್. ಎರಡೂ ಒಂದೇ ಹೇಗಾಗುತ್ತೆ? ಕೀಮೋ ಹಾಕುವ ಮುಂಚೆ ಇಬ್ಬರು ನಿಂತು ಹೆಸರು, ಔಷಧಿ, ಡೋಸ್ ತಾಳೆ ನೋಡಬೇಕು. ಅಷ್ಟು ಹೊತ್ತು ಇನ್ನೊಬ್ಬರ ಕುರ್ಚಿಗಳನ್ನು ನೋಡುವವರಿಲ್ಲ. ಪಂಪ್ ಕೂಗುತ್ತಿರುತ್ತದೆ. ಫೋನ್ ಬೇರೆ. ಅತ್ತ ಮನೆಯಲ್ಲಿ ಯಾರಿಗೋ ವಾಂತಿ, ಅದಕ್ಕೂ ಇವರೇ ಉತ್ತರ ಹೇಳಬೇಕು. ಶಿಫ್ಟ್ ಮುಗಿದ ಮೇಲೆ ಕೂತು ಫೈಲ್ ಬರೆಯುವುದನ್ನು ನಾನು ಜಾಸ್ತಿ ಸಲವೇ ನೋಡಿದ್ದೇನೆ.

ಏಳನೇ ಸಲ ಹೋದಾಗ ಇಬ್ಬರು ನರ್ಸ್ ರಜೆಯಲ್ಲಿದ್ದರು. ನಮ್ಮ ಸಿಸ್ಟರ್‌ಗೆ ಒಂಬತ್ತು ಕುರ್ಚಿ. ಹೊರಡುವಾಗ ಒಂದೇ ಉಸಿರಿನಲ್ಲಿ ಹೇಳಿದರು: “ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾತ್ರಿಯಾದರೂ ಫೋನ್ ಮಾಡಿ, ಪ್ಯಾರಾಸಿಟಮಾಲ್ ತಗೊಂಡು ಬೆಳಗಿನ ತನಕ ಕಾಯಬೇಡಿ.” ಇವನು ಹ್ಞೂಂ ಅಂದ. ನಮ್ಮ ಭಾಷೆಯಲ್ಲಿ ‘ಬೇಡ’ ಬರುವುದು ಕೊನೆಯಲ್ಲಿ, ಅಲ್ವಾ? ಅವನಿಗೆ ಉಳಿದದ್ದು ಅದರ ಹಿಂದಿನ ಮಾತು. ನಾಲ್ಕನೇ ರಾತ್ರಿ ಜ್ವರ ಬಂತು. ಪ್ಯಾರಾಸಿಟಮಾಲ್ ತಗೊಂಡು ಬೆಳಗಿನ ತನಕ ಕಾಯುತ್ತಾ ಕೂತಿದ್ದ. ನಾನು ನೀರು ಕುಡಿಯಲು ಎದ್ದವಳು ಸುಮ್ನೆ ಹಣೆ ಮುಟ್ಟಿ ನೋಡಿದೆ. ಕೀಮೋ ಆದವರಿಗೆ ಬಿಳಿ ರಕ್ತಕಣ ಇಳಿದಿರುವಾಗ ಜ್ವರ ಅಂದರೆ ಗಂಟೆಗಳ ಲೆಕ್ಕ. ಆ ರಾತ್ರಿಯೇ ಓಡಿದೆವು, ಆ್ಯಂಟಿಬಯಾಟಿಕ್ ಹಾಕಿದರು, ಉಳಿದುಕೊಂಡ.

ಮುಂದಿನ ಸಲ ಇದನ್ನು ಹೇಳಿದಾಗ ಸಿಸ್ಟರ್ ಮುಖ ಸಪ್ಪಗಾಯಿತು. ನನಗೇ ಯಾಕಾದರೂ ಹೇಳಿದೆನೋ ಅನ್ನಿಸಿತು. ತಪ್ಪು ಅವರದ್ದಲ್ಲ. ಆರು ಕುರ್ಚಿಯ ದಿನ ಅದೇ ಬಾಯಿ ಅದನ್ನು ಬಿಡಿಸಿ ಹೇಳುತ್ತಿತ್ತು. ಅವರು ಮಾತಾಡದೆ ಇನ್ನೊಂದು ಚೀಟಿ ಬರೆದರು: 38. ಫೋನ್. ಆಮೇಲೆ ನಂಬರ್.

ಕೊನೆಯ ದಿನ ಫೀಡ್‌ಬ್ಯಾಕ್ ಫಾರ್ಮ್ ಕೊಟ್ಟರು. ಕಾಯುವ ಸಮಯ, ಪಾರ್ಕಿಂಗ್, ಟಾಯ್ಲೆಟ್ ಎಲ್ಲದಕ್ಕೂ ಕಾಲಂ ಇತ್ತು. ನರ್ಸ್‌ಗೆ ಎಷ್ಟು ಕುರ್ಚಿ ಅನ್ನುವುದಕ್ಕೆ ಇರಲಿಲ್ಲ, ಹಿಂದಿನ ಪುಟದಲ್ಲಿ ನಾನೇ ಬರೆದೆ. “ಶುಶ್ರೂಷಾ ಸಿಬ್ಬಂದಿಯ ಸೇವೆಯ ಗುಣಮಟ್ಟದ ಕುರಿತು ನಿಮ್ಮ ಅಭಿಪ್ರಾಯ” ಅನ್ನುವ ಜಾಗದಲ್ಲಿ ತಮ್ಮ ಪೆನ್ ಹಿಡಿದು ನಿಂತ. “ಸಿಸ್ಟರ್ ಹೇಗೆ?” ಅಂದೆ. ಯೋಚಿಸಿ, ‘ನಿಧಾನ’ ಅಂತ ಒಂದೇ ಪದ ಬರೆದ.

ಯಾರಾದರೂ ದೂರು ಅಂದುಕೊಂಡಾರು ಅಂತ ಪಕ್ಕದಲ್ಲಿ ಬ್ರಾಕೆಟ್ ಹಾಕಿ ‘ಹೊಗಳಿಕೆ’ ಅಂತ ಸೇರಿಸಿದೆ.