ಮೈಟೊಫೆರಿನ್‌ನ ಕಣ್ಣಿನಿಂದ ಆಲ್ಫಾಫೋಲ್ಡ್ ಡೇಟಾಬೇಸ್: ಒಂದು ವಿಮರ್ಶೆ

ಹಿಮೋಗ್ಲೋಬಿನ್‌ನ ಕಬ್ಬಿಣಯುಕ್ತ ಭಾಗವಾದ ಹೀಮ್‌ನ ತಯಾರಿಕೆಗೆ ಬೇಕಾದ ಕಬ್ಬಿಣವು ಮೈಟೊಕಾಂಡ್ರಿಯದ ಒಳಪೊರೆಯನ್ನು ದಾಟುವ ಬಗೆಯನ್ನು ನಮ್ಮ ಪದವಿ ತರಗತಿಗಳಲ್ಲಿ ಹಲಗೆಯ ಮೇಲೆ ಒಂದು ಬಾಣ ಎಳೆದು ಮುಗಿಸಿಬಿಡುವುದು ವಾಡಿಕೆ. ಆ ಬಾಣದ ಜಾಗದಲ್ಲಿರುವ, ಕಬ್ಬಿಣವನ್ನು ಒಳಗೆ ಸಾಗಿಸುವ ಮೈಟೊಫೆರಿನ್-1 ಎಂಬ ಪ್ರೋಟೀನನ್ನೇ ತೋರಿಸಬಯಸುವ ಅಧ್ಯಾಪಕರಿಗೆ, ಡೀಪ್‌ಮೈಂಡ್ ಮತ್ತು ಯುರೋಪಿನ ಇಎಂಬಿಎಲ್-ಇಬಿಐ ಸಂಸ್ಥೆಗಳು 2021ರಲ್ಲಿ ಆರಂಭಿಸಿದ, ಕಂಪ್ಯೂಟರ್ ಊಹಿಸಿದ ಪ್ರೋಟೀನ್ ರಚನೆಗಳ ಸಂಗ್ರಹವಾದ ಆಲ್ಫಾಫೋಲ್ಡ್ ಡೇಟಾಬೇಸ್ ಉಪಯುಕ್ತ ಸಾಧನವಾಗಿದೆ. ಇದಕ್ಕೆ ಶುಲ್ಕವಿಲ್ಲ, ಖಾತೆಯನ್ನೂ ತೆರೆಯಬೇಕಾಗಿಲ್ಲ.

ಹುಡುಕುವಾಗ ಈ ಪ್ರೋಟೀನಿನ ಜೀನ್ ಹೆಸರಾದ ಎಸ್‌ಎಲ್‌ಸಿ25ಎ37 (SLC25A37) ಕೊಟ್ಟು, ಮನುಷ್ಯನ ಪ್ರೋಟೀನನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಜೀಬ್ರಾಮೀನಿನ ಪುಟವನ್ನೂ ಒಮ್ಮೆ ನೋಡಬಹುದು. ತೀವ್ರ ರಕ್ತಹೀನತೆಯಿಂದ ಬಳಲುವ ಫ್ರಾಸ್ಕಾಟಿ ಎಂಬ ಜೀಬ್ರಾಮೀನಿನ ತಳಿಯಲ್ಲಿ ಕೆಟ್ಟಿರುವುದು ಇದೇ ಜೀನ್ ಎಂದು 2006ರಲ್ಲಿ ತಿಳಿದುಬಂದದ್ದರಿಂದಲೇ ಮೈಟೊಫೆರಿನ್-1ರ ಕೆಲಸ ಸ್ಪಷ್ಟವಾಯಿತು. ಮಾದರಿಯನ್ನು ಮೌಸ್‌ನಿಂದ ತಿರುಗಿಸಿ ಮೇಲಿನಿಂದ ನೋಡಿದರೆ, ಪೊರೆಯನ್ನು ದಾಟುವ ಆರು ಸುರುಳಿಗಳು ಎರಡೆರಡರಂತೆ ಮೂರು ಜೋಡಿಯಾಗಿ ನಡುವಿನ ಪೊಳ್ಳನ್ನು ಸುತ್ತುವರಿದಿರುವುದು ಕಾಣುತ್ತದೆ. ಅಮೈನೊ ಆಮ್ಲಗಳ ಅನುಕ್ರಮದ ಪಟ್ಟಿಯಲ್ಲಿ ಅಮೈನೊ ಆಮ್ಲವೊಂದನ್ನು ಒತ್ತಿದರೆ ಮಾದರಿಯಲ್ಲಿ ಅದೇ ಜಾಗ ಎದ್ದು ಕಾಣುತ್ತದೆ. ಕಬ್ಬಿಣದ ಸಾಗಣೆಗೆ ನೆರವಾಗುವವೆಂದು ಯೀಸ್ಟ್ ಪ್ರಯೋಗಗಳಿಂದ ತಿಳಿದಿರುವ ಮೂರು ಹಿಸ್ಟಿಡಿನ್ ಅಮೈನೊ ಆಮ್ಲಗಳಿಗೆ ಸಾಟಿಯಾದವುಗಳನ್ನು ವಿದ್ಯಾರ್ಥಿಗಳೇ ಹುಡುಕುವಂತೆ ಮಾಡಲು ಈ ಸೌಲಭ್ಯವೊಂದೇ ಸಾಕು.

ಬಣ್ಣಗಳನ್ನು ಮಾತ್ರ ಅಲಂಕಾರವೆಂದು ತಿಳಿಯಬಾರದು. ಊಹೆಯನ್ನು ಆಯಾ ಜಾಗದಲ್ಲಿ ಎಷ್ಟು ನಂಬಬಹುದೆಂಬುದನ್ನು ನೂರರ ಅಳತೆಯಲ್ಲಿ ಹೇಳುವ ವಿಶ್ವಾಸಾಂಕವನ್ನು ಅವು ತೋರಿಸುತ್ತವೆ: ಕಡುನೀಲಿ ಎಂದರೆ 90ಕ್ಕಿಂತ ಹೆಚ್ಚು, ಕಿತ್ತಳೆ ಎಂದರೆ 50ಕ್ಕಿಂತ ಕಡಿಮೆ. ಕಿತ್ತಳೆ ಎಳೆ ಯಾವ ಆಕಾರದಲ್ಲಿ ಬಾಗಿದ್ದರೂ ಆ ಬಾಗುವಿಕೆಗೆ ಅರ್ಥ ಹಚ್ಚುವಂತಿಲ್ಲ.

ನನ್ನ ಮುಖ್ಯ ಆಕ್ಷೇಪ ಬೇರೆ. ಇಲ್ಲಿರುವುದು ಲೆಕ್ಕಾಚಾರದ ಊಹೆ, ಅದೂ ಒಂದೇ ಭಂಗಿಯದು; ಕಬ್ಬಿಣದ ಅಯಾನಾಗಲಿ ಪೊರೆಯಾಗಲಿ ಅದರಲ್ಲಿಲ್ಲ. ಮೈಟೊಫೆರಿನ್ ಸೇರಿರುವ ವಾಹಕ ಕುಟುಂಬದ ಪ್ರೋಟೀನುಗಳಾದರೋ ಒಮ್ಮೆ ಹೊರಬದಿಗೆ, ಒಮ್ಮೆ ಒಳಬದಿಗೆ ತೆರೆದುಕೊಂಡು ಕೆಲಸ ಮಾಡುವಂಥವು. ಆ ಎರಡೂ ಸ್ಥಿತಿಗಳನ್ನು ನೋಡಬೇಕೆಂದರೆ ಪ್ರಯೋಗದಿಂದ ಕಂಡುಕೊಂಡ ರಚನೆಗಳ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿಗೆ ಹೋಗಿ, ಮೈಟೊಫೆರಿನ್‌ನ ದಾಯಾದಿಯಾದ ಎಡಿಪಿ-ಎಟಿಪಿ ವಾಹಕದ 2003 ಮತ್ತು 2019ರ ಪ್ರಾಯೋಗಿಕ ರಚನೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಬೇಕಾಗುತ್ತದೆ. ಮೈಟೊಕಾಂಡ್ರಿಯದ ಒಳಪೊರೆಯ ಇನ್ನೊಂದು ಸಾಗಣೆ ಪ್ರೋಟೀನಾದ ಎಬಿಸಿಬಿ7ರ (ABCB7) ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಅದು ಕೆಟ್ಟಾಗ ಎಳೆಯ ಕೆಂಪು ರಕ್ತಕಣಗಳ ಮೈಟೊಕಾಂಡ್ರಿಯದಲ್ಲಿ ಕಬ್ಬಿಣ ಶೇಖರವಾಗುತ್ತದೆ ಎಂದು ಪಾಠ ಮಾಡುತ್ತೇವೆ, ಆದರೆ ಎರಡು ಪ್ರತಿಗಳು ಜೋಡಿಯಾದಾಗಲೇ ಕೆಲಸ ಮಾಡುವ ಆ ಪ್ರೋಟೀನಿನ ಒಂಟಿ ಸರಪಳಿಯ ಮಾದರಿ ಯಂತ್ರದ ಅರ್ಧಭಾಗವನ್ನಷ್ಟೇ ತೋರಿಸುತ್ತದೆ.

ಒಟ್ಟಿನಲ್ಲಿ ಆಕಾರವನ್ನು ಕಲಿಸಲು ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಸಾಗಣೆಯ ಕ್ರಮವನ್ನು ಕಲಿಸಲು ಇದೊಂದನ್ನೇ ನೆಚ್ಚಿಕೊಳ್ಳಲಾಗದು. ಮಾದರಿಗಳು ಸಿಸಿ-ಬಿವೈ 4.0 ಎಂಬ ಮುಕ್ತ ಪರವಾನಗಿಯಡಿ ಸಿಗುವುದರಿಂದ, ಮೂಲವನ್ನು ಹೆಸರಿಸಿ ಕನ್ನಡದ ಪಠ್ಯಗಳಲ್ಲಿಯೂ ಈ ಚಿತ್ರಗಳನ್ನು ಬಳಸಿಕೊಳ್ಳಬಹುದು.