ಪೌಡರ್ ಕೋಟಿಂಗ್, ಪಿಯು ಪೇಂಟ್, ಆಕ್ಸಾಲಿಕ್: ಮಾಮಾನ ಸೈಕಲ್ಲಿಗೆ ಯಾವುದು ಒಗ್ಗಿತು

ನಮ್ಮ ಮಾಮಾ 1993ರಲ್ಲಿ ಕ್ಯಾಲಿಫೋರ್ನಿಯಾ ಬಿಟ್ಟು ಧಾರವಾಡಕ್ಕೆ ವಾಪಸು ಬರುವಾಗ ಎರಡು ಪೆಟ್ಟಿಗೆ ಪುಸ್ತಕದ ಜೊತೆ ಒಂದು ಮೌಂಟನ್ ಬೈಕ್, ಅಂದರೆ ಗುಡ್ಡದ ಮಣ್ಣುದಾರಿಯಲ್ಲೂ ಓಡುವ ದಪ್ಪ ಟಯರಿನ ಸೈಕಲ್ ತಂದಿದ್ದರು. ಅವರಿದ್ದ ಊರಲ್ಲೇ ಒಬ್ಬ ಮನುಷ್ಯ ಮನೆಯ ಹಿಂದಿನ ಶೆಡ್ಡಿನಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಫ್ರೇಮ್ ಮಾಡುತ್ತಿದ್ದನಂತೆ. ಪೆಡಲ್ ತಿರುಗುವ ಜಾಗದ ಅಡಿಯಲ್ಲಿ ಸುತ್ತಿಗೆಯಿಂದ ಹೊಡೆದು ಮೂಡಿಸಿದ ಎರಡಂಕಿಯ ನಂಬರು ಇದೆ, ಬೇರೆ ಹೆಸರಿಲ್ಲ. ಕೆಲಗೇರಿ ಕೆರೆ ದಂಡೆ, ಕವಿವಿ (ಕರ್ನಾಟಕ ವಿಶ್ವವಿದ್ಯಾಲಯ) ಗುಡ್ಡ, ನುಗ್ಗಿಕೇರಿ ಹನುಮಪ್ಪನ ಗುಡಿ, ಎಲ್ಲ ಕಡೆ ಮಾಮಾ ಅದರ ಮೇಲೇ ಓಡಾಡಿದರು. ಮೊಣಕಾಲು ಕೈಕೊಟ್ಟ ಮೇಲೆ ಸೈಕಲ್ಲು ಮಾಳಮಡ್ಡಿಯ ಮನೆಯ ಹಿತ್ತಲಲ್ಲಿ ಬಾದಾಮಿ ಗಿಡದ ಬುಡಕ್ಕೆ ಒರಗಿ ಹದಿನೈದು ಮಳೆಗಾಲ ಕಳೆಯಿತು.

ಅದನ್ನು ಎತ್ತಿ ನಿಲ್ಲಿಸಲು ಹೊರಟಾಗ ನನ್ನೆದುರು ನಿಂತ ಮೊದಲ ಪ್ರಶ್ನೆ ಬಣ್ಣದ್ದು. ಹುಬ್ಬಳ್ಳಿ-ಧಾರವಾಡದಲ್ಲಿ ಕೈಗೆ ಸಿಗುವ ದಾರಿ ಮೂರು. ಮೂರನ್ನೂ ಮಾಡಿ ನೋಡಿದೆ, ಆದರೆ ಒಂದೇ ಫ್ರೇಮಿನ ಮೇಲಲ್ಲ. ಮಗನ ಹಳೇ ರೇಂಜರ್ ಸೈಕಲ್ಲಿಗೆ ಪೌಡರ್ ಕೋಟಿಂಗ್ ಮಾಡಿಸಿದೆ. ಮಾಮಾನ ಸೈಕಲ್ಲಿನ ಫೋರ್ಕಿನಲ್ಲಿ, ಅಂದರೆ ಮುಂದಿನ ಚಕ್ರ ಹಿಡಿಯುವ ಕವೆಯಲ್ಲಿ, ಬಣ್ಣವೇ ಉಳಿದಿರಲಿಲ್ಲ, ಅದಕ್ಕೆ ಪಿಯು (ಪಾಲಿಯುರೆಥೇನ್) ಪೇಂಟ್. ಉಳಿದ ಫ್ರೇಮಿಗೆ ತುಕ್ಕು ಕರಗಿಸುವ ಆಕ್ಸಾಲಿಕ್ ಆಸಿಡ್ಡಿನ ನೀರು, ಮೇಲೆ ಮೇಣ. ಮೂರೂ ಎರಡು ಮಳೆಗಾಲ ಉಂಡಿವೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇಷ್ಟು ಯೋಚನೆ ಯಾಕೆಂದರೆ, ಮೌಂಟನ್ ಬೈಕ್ ಹುಟ್ಟಿದ್ದೇ ಇಂಥ ಶೆಡ್ಡುಗಳಲ್ಲಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯ ಹುಡುಗರು ಹಳೇ ದಪ್ಪ ಟಯರಿನ ಸೈಕಲ್ಲುಗಳನ್ನು ರೀಪ್ಯಾಕ್ ಎಂಬ ಮಣ್ಣಿನ ಇಳಿಜಾರಿನಲ್ಲಿ ಪಂದ್ಯ ಕಟ್ಟಿ ಇಳಿಸತೊಡಗಿದರು. ಆ ಕೆಲಸಕ್ಕೆಂದೇ 1977ರಲ್ಲಿ ಜೋ ಬ್ರೀಝ್ ಹೊಸ ಫ್ರೇಮ್ ಕಟ್ಟಿದ. ಬೆನ್ನಿಗೇ ಫ್ರೇಮ್ ಕಟ್ಟುವ ಇನ್ನೊಬ್ಬ, ಟಾಮ್ ರಿಚಿ ಬಂದ. ಕಾರ್ಖಾನೆಯಲ್ಲಿ ಸಾಲಾಗಿ ತಯಾರಾದ ಸ್ಟಂಪ್‌ಜಂಪರ್ ಎಂಬ ಮೌಂಟನ್ ಬೈಕ್ ಬಂದದ್ದು 1981ರಲ್ಲಿ. ಮಾಮಾನ ಸೈಕಲ್ ಮಾಡಿದಾತ ಆ ಹಳೇ ಪದ್ಧತಿಯವನು. ಉಕ್ಕಿನ ಕೊಳವೆಯ ತುದಿಯನ್ನು ಇನ್ನೊಂದರ ದುಂಡಿಗೆ ಸರಿಯಾಗಿ ಕೂರುವಂತೆ ಅರ್ಧಚಂದ್ರಾಕಾರ ಕೊರೆದು, ಸಂದಿಗೆ ಹಿತ್ತಾಳೆ ಕರಗಿಸಿ ತುಂಬಿ, ಆಮೇಲೆ ಅರದಿಂದ ಉಜ್ಜಿ ಉಜ್ಜಿ ಒಂದು ಕೊಳವೆ ಇನ್ನೊಂದಕ್ಕೆ ಹರಿದುಹೋದಂತೆ ಮಾಡುತ್ತಾರೆ. ನಮ್ಮ ಕಪ್ಪು ಅಟ್ಲಾಸ್, ಹೀರೋ ಸೈಕಲ್ಲುಗಳಲ್ಲಿ ಕೂಡುವ ಜಾಗಕ್ಕೆ ತೋಳಿನಂಥ ಲೋಹದ ಕವಚ ಇರುತ್ತದಲ್ಲ, ಇದರಲ್ಲಿ ಅದಿಲ್ಲ. ಆ ಕೀಲುಗಳ ತಿರುವಿನಲ್ಲೇ ಮಾಡಿದವನ ಕೈ ಇದೆ. ಬಣ್ಣ ಯಾವುದಾದರೂ ಸರಿ, ಕೀಲು ಮುಚ್ಚಿಹೋಗಬಾರದು ಅಂತ ನಾನು ಮೊದಲೇ ನಿರ್ಧರಿಸಿದ್ದೆ.

ಪೌಡರ್ ಕೋಟಿಂಗಿನ ಬಗ್ಗೆ ಮೊದಲು ಒಳ್ಳೇದು ಹೇಳುತ್ತೇನೆ. ಗೋಕುಲ ರೋಡಿನ ಕೈಗಾರಿಕಾ ವಸಾಹತಿನಲ್ಲಿ ಕಿಟಕಿಯ ಗ್ರಿಲ್ಲು, ಕಪಾಟುಗಳಿಗೆ ಇದನ್ನು ಮಾಡುವ ಶೆಡ್ಡಿಗೆ ರೇಂಜರಿನ ಫ್ರೇಮ್ ಕೊಟ್ಟೆ. ಮೂರೇ ದಿನದಲ್ಲಿ ಬಂತು, ಖರ್ಚೂ ಪಿಯು ಪೇಂಟಿಗಿಂತ ಕಡಿಮೆ. ಪುಡಿ ಬಣ್ಣವನ್ನು ವಿದ್ಯುತ್ ಸೆಳೆತದಿಂದ ಅಂಟಿಸಿ, 180ರಿಂದ 200 ಡಿಗ್ರಿ ಸೆಲ್ಸಿಯಸ್ ಭಟ್ಟಿಯಲ್ಲಿ ಬೇಯಿಸುತ್ತಾರೆ. ಆ ಕಾವಿಗೆ ಬೆಸುಗೆ ಬಿಟ್ಟುಕೊಳ್ಳುತ್ತದೆ ಅಂತ ಹೆದರಿಸಿದವರಿದ್ದರು. ಬೆಸುಗೆಯ ಹಿತ್ತಾಳೆ ಕರಗಲು ಹೆಚ್ಚುಕಡಿಮೆ 900 ಡಿಗ್ರಿ ಬೇಕು, ಆ ಹೆದರಿಕೆಗೆ ಅರ್ಥವಿಲ್ಲ. ನನಗಿದ್ದ ಚಿಂತೆ ಬೇರೆ ಎರಡು. ಒಂದು, ಬಣ್ಣ ಹಿಡಿಯಲು ಮೊದಲು ಮರಳು ಹೊಡೆದು ಕೆರೆಯುತ್ತಾರೆ. ಗ್ರಿಲ್ಲಿನ ಸರಳಿಗೆ ಅದು ಲೆಕ್ಕವೇ ಅಲ್ಲ, ಆದರೆ ಹಗುರ ಫ್ರೇಮುಗಳ ಕೊಳವೆಯ ಗೋಡೆ ನಡುವೆ 0.6 ಮಿಲಿಮೀಟರಿನಷ್ಟು ತೆಳುವಾಗಿರುತ್ತದೆ. ಇನ್ನೊಂದು, ಥ್ರೆಡ್ಡುಗಳನ್ನು ಮುಚ್ಚಿ ಕೆಲಸ ಮಾಡಿರಿ ಅಂತ ಹೇಳಿ ಬಂದಿದ್ದರೂ ರೇಂಜರಿನ ಥ್ರೆಡ್ಡಿನೊಳಗೆಲ್ಲ ಬಣ್ಣ ಬೆಂದು ಕೂತಿತ್ತು. ಥ್ರೆಡ್ ಕೊರೆಯುವ ಟ್ಯಾಪ್ ಹಾಕಿಸಿ ಬಿಡಿಸಬೇಕಾಯಿತು.

ಬಣ್ಣವೇನೋ ಕಲ್ಲಿನಂತೆ ಗಟ್ಟಿ. ಮಗ ಅದನ್ನು ಗೋಡೆಗೆ ಒರಗಿಸುತ್ತಾನೆ, ಬೀಳಿಸುತ್ತಾನೆ, ಗೀರು ಕಾಣುವುದಿಲ್ಲ. ಆದರೆ ಚೈನ್ ಬಡಿಯುವ ಹಿಂದಿನ ಕೊಳವೆಯಲ್ಲಿ ಒಂದು ಚಕ್ಕೆ ಹಾರಿತ್ತು. ಮೊದಲ ಮಳೆಗಾಲ ಮುಗಿದ ಮೇಲೆ ಅಲ್ಲಿ ಉಗುರು ಹಾಕಿ ಎಳೆದರೆ ಬಾಳೆಲೆಯ ನಾರಿನಂತೆ ಉದ್ದಕ್ಕೆ ಕಿತ್ತು ಬಂತು. ಒಳಗೆ ನೀರು ಹರಿದು ತುಕ್ಕು ಮೇಯುತ್ತಿತ್ತು, ಮೇಲೆ ಏನೂ ಗೊತ್ತಾಗಿರಲಿಲ್ಲ. ಜೊತೆಗೆ ಅದರ ದಪ್ಪ ಪದರದಲ್ಲಿ ವೆಲ್ಡಿಂಗಿನ ಗೆರೆಗಳೆಲ್ಲ ಮುಳುಗಿದ್ದವು. ರೇಂಜರಿಗೆ ಅದರಿಂದ ನಷ್ಟವಿಲ್ಲ. ಮಾಮಾನ ಸೈಕಲ್ಲಿಗೆ ಇದು ಬೇಡ ಅಂತ ಅವತ್ತೇ ತೀರ್ಮಾನವಾಯಿತು.

ಪಿಯು ಪೇಂಟಿಗೆ ಧಾರವಾಡದಲ್ಲೇ ಬೈಕು, ಸ್ಕೂಟರಿಗೆ ಬಣ್ಣ ಹೊಡೆಯುವ ಅಂಗಡಿಗೆ ಫೋರ್ಕ್ ಒಯ್ದೆ. ಪೇಂಟರ್ ಕೈ ಬಲು ಒಳ್ಳೇದು. ಬಾಕಿ ಫ್ರೇಮಿನ ಮಾಸಲು ನೀಲಿಗೆ ಹೊಂದುವಂತೆ ಮೂರು ಸಲ ಕಲಸಿ, ಸಣ್ಣ ತಗಡಿನ ಮೇಲೆ ಹೊಡೆದು, ಬಿಸಿಲಿಗೆ ಒಯ್ದು ತೋರಿಸಿದ. ಆದರೆ ಅರದ ಗುರುತುಗಳನ್ನು ನೋಡಿದ ಕೂಡಲೇ ಪುಟ್ಟಿ ಡಬ್ಬಿ ತೆಗೆದ.

“ಅಕ್ಕಾರ, ಇಲ್ಲಿ ಗೀರ ಭಾಳ ಅದಾವ್ರಿ. ತುಂಬಿ ನುಣ್ಣಗ ಮಾಡತೇನ್ರಿ.”

“ಬ್ಯಾಡಪಾ, ಅವು ಹಂಗ ಇರಬೇಕು. ಮಾಡಿದಾಂವನ ಅರದ ಗುರ್ತು ಅವು.”

ಒಂದು ಗಳಿಗೆ ನನ್ನ ಮುಖ ನೋಡಿ, ಬೆರಳಾಡಿಸಿ, “ಹೌದ್ರಿ, ಕೈಲೇ ತಿಕ್ಕ್ಯಾರ” ಅಂದ. ಪುಟ್ಟಿ ಇಲ್ಲದೆ, ತೆಳ್ಳಗೆ ಪ್ರೈಮರ್, ಎರಡು ಕೈ ಬಣ್ಣ, ಒಂದು ಕ್ಲಿಯರ್ ಕೋಟ್. ಕೀಲಿನ ಬಾಗು ಬಣ್ಣದ ಕೆಳಗೂ ಕಾಣುತ್ತದೆ. ಪೌಡರಿಗಿಂತ ಬೇಗ ಗೀರು ಬೀಳುತ್ತದೆ, ನಿಜ. ಕೇಬಲ್ ಉಜ್ಜುವ ಕಡೆ ಈಗಲೇ ಎರಡು ಬಿದ್ದಿವೆ. ಆದರೆ ಉಳಿದ ಬಣ್ಣವನ್ನು ಅವನು ಸಣ್ಣ ಬಾಟಲಿಯಲ್ಲಿ ಕೊಟ್ಟಿದ್ದ, ಕುಂಚದ ತುದಿಯಿಂದ ಮುಟ್ಟಿಸಿದರೆ ಮುಗಿಯಿತು. ಪೌಡರಿನಲ್ಲಿ ಈ ಸೌಕರ್ಯ ಇಲ್ಲ.

ಮೂರನೆಯದಕ್ಕೆ ದುಡ್ಡು ಕಡಿಮೆ, ಮೈಮುರಿಯುವ ಕೆಲಸ ಹೆಚ್ಚು. ಆಕ್ಸಾಲಿಕ್ ಆಸಿಡ್ ಬಿಳಿ ಹರಳಿನ ರೂಪದಲ್ಲಿ ಸಿಗುತ್ತದೆ, ನೆಲದ ಕಲ್ಲಿಗೆ ಪಾಲಿಶ್ ಮಾಡುವವರು ಬಳಸುತ್ತಾರೆ. ಅದು ತುಕ್ಕನ್ನು ಕರಗಿಸುತ್ತದೆ, ಗಟ್ಟಿ ಹಿಡಿದ ಬಣ್ಣವನ್ನು ಬಹುಮಟ್ಟಿಗೆ ಬಿಡುತ್ತದೆ. ಹಿತ್ತಲಲ್ಲಿ ಇಟ್ಟಿಗೆ ಸಾಲಿಟ್ಟು, ಮೇಲೆ ತಾಡಪತ್ರಿ ಹಾಸಿ ತೊಟ್ಟಿ ಮಾಡಿದೆ. 60 ಲೀಟರ್ ನೀರಿಗೆ ಒಂದೂವರೆ ಕಿಲೋ. ಇದು ವಿಷ. ಕೈಗವಸು ಬೇಕೇ ಬೇಕು, ಮಕ್ಕಳು, ನಾಯಿ, ದನ ಹತ್ತಿರ ಸುಳಿಯಬಾರದು, ಅಲ್ಯೂಮಿನಿಯಂ ಭಾಗಗಳನ್ನೆಲ್ಲ ಮೊದಲೇ ಬಿಚ್ಚಿರಬೇಕು. ಹದಿನೆಂಟು ತಾಸು ಬಿಟ್ಟು ತೆಗೆದು, ಅಡುಗೆ ಸೋಡಾದ ನೀರಲ್ಲಿ ತೊಳೆದೆ.

ಮೊದಲ ಸಲ ಇದನ್ನು ಜುಲೈನಲ್ಲಿ ಮಾಡಿದ್ದು ತಪ್ಪಾಯಿತು. ಧಾರವಾಡದ ಜಿಟಿಜಿಟಿ ಮಳೆಯ ಗಾಳಿಗೆ, ಬೆಳಿಗ್ಗೆ ಹೊಳೆಯುತ್ತಿದ್ದ ಬರಿ ಉಕ್ಕಿನ ಮೇಲೆ ಸಂಜೆಯೊಳಗೆ ಕೇಸರಿ ಪುಡಿ ಕೂತಿತು. ಮತ್ತೆ ಏಪ್ರಿಲ್‌ವರೆಗೆ ಕಾದೆ. ಉರಿಬಿಸಿಲಲ್ಲಿ ತೊಳೆದು ಒರೆಸಿದ ಫ್ರೇಮು ಅರ್ಧ ತಾಸಿಗೇ ಒಣಗಿತು, ಬಣ್ಣ ಹೋದ ಚುಕ್ಕೆಗಳಿಗೆಲ್ಲ ಕೂಡಲೇ ಕ್ಲಿಯರ್ ಲ್ಯಾಕರ್ ಮುಟ್ಟಿಸಿದೆ, ಮೇಲೆ ಕಾರಿನ ಮೇಣ.

ಅವತ್ತು ಕಂಡದ್ದನ್ನು ಹೇಳಲೇಬೇಕು. ಹ್ಯಾಂಡಲ್ ಕೆಳಗಿನ ಕೀಲಿನಲ್ಲಿ ಬಣ್ಣ ಪೂರ್ತಿ ಉದುರಿತ್ತು. ತುಕ್ಕೆಲ್ಲ ಕರಗಿ ಹೋದ ಮೇಲೆ ಅಲ್ಲಿ ಬಂಗಾರದ ಎಳೆಯಂತೆ ಹಿತ್ತಾಳೆ ಹೊಳೆಯಿತು. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ. ಹದಿನೈದು ವರ್ಷ ಬಾದಾಮಿ ಎಲೆಯ ಕೆಳಗೆ ಹಾಗೇ ಇತ್ತು. ಹಿತ್ತಾಳೆ ಎಲ್ಲಿ ಮುಗಿದು ಉಕ್ಕು ಎಲ್ಲಿ ಶುರುವಾಗುತ್ತದೆ ಎಂಬ ಅಂಚು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ. ಅದನ್ನು ಲ್ಯಾಕರ್ ಅಡಿಯಲ್ಲಿ ಹಾಗೇ ಬಿಟ್ಟಿದ್ದೇನೆ. ಈ ದಾರಿಯಲ್ಲಿ ಪ್ರತಿ ಮಳೆಗಾಲಕ್ಕೆ ಮುಂಚೆ, ಮುಗಿದ ಮೇಲೆ ಮೇಣ ಹಚ್ಚಲೇಬೇಕು. ತುಕ್ಕಿನ ಚುಕ್ಕೆ ಎರಡು ಸಲ ಬಂತು, ಆದರೆ ಬಂದ ವಾರವೇ ಕಣ್ಣಿಗೆ ಬಿತ್ತು, ಒರೆಸಿದೆ. ದಿನಾ ಬಳಸಿ ಹೊರಗೇ ನಿಲ್ಲಿಸುವ ಸೈಕಲ್ಲಿಗೆ ನಾನು ಇದನ್ನು ಹೇಳುವುದಿಲ್ಲ. ಅದಕ್ಕೆ ಪೌಡರೇ ಸರಿ.

ಕೊಳವೆಯ ಒಳಮೈಗೆ ತುಕ್ಕು ಹಿಡಿಯದಿರಲು ಮೆಕ್ಯಾನಿಕ್ಕುಗಳು ಇಂಜಿನ್ ಆಯಿಲ್ ಸುರಿಯಿರಿ ಅನ್ನುತ್ತಾರೆ. ಸುರಿದೆ, ವಾರದಲ್ಲಿ ಎಲ್ಲ ಇಳಿದು ಕೆಳಗಿನ ಬೇರಿಂಗಿಗೆ ಸೇರಿ ಗ್ರೀಸು ನೀರಾಯಿತು. ಗಾಣದ ಹಸಿ ಅಗಸೆ ಎಣ್ಣೆ ಹಾಕಿದರೆ ಹದಿನೈದು ದಿನವಾದರೂ ಅಂಟಂಟು. ಪೇಂಟ್ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆ ಮೂರು ದಿನದಲ್ಲಿ ಒಣಗಿ ಪೊರೆ ಕಟ್ಟಿತು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಒಗೆಯಬೇಡಿ, ತಾನಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ.

ಸೀಟ್ ಪಿಲ್ಲರ್ ಅಲ್ಯೂಮಿನಿಯಮ್ಮಿನದು, ಉಕ್ಕಿನೊಳಗೆ ಬೆಸೆದುಕೊಂಡಂತೆ ಕೂತಿತ್ತು. ತುಕ್ಕು ಬಿಡಿಸುವ ಎಣ್ಣೆ ಒಂಬತ್ತು ದಿನ ಹಾಕಿದರೂ ಕದಲಲಿಲ್ಲ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ, ಬಣ್ಣವನ್ನೂ ತಿನ್ನುತ್ತದೆ, ಬೇಡವೆಂದೆ. ಕೊನೆಗೆ ಲೇಥ್ ಅಂಗಡಿಯ ದೊಡ್ಡ ವೈಸಿನಲ್ಲಿ ಪಿಲ್ಲರಿನ ತಲೆಯನ್ನು ಕಚ್ಚಿಸಿ, ಫ್ರೇಮನ್ನೇ ಬುಡಮೇಲು ಹಿಡಿದು ಸನ್ನೆಕೋಲಿನಂತೆ ಇಬ್ಬರು ತಿರುಗಿಸಿದೆವು. ಕಿರ್ರೆಂದು ಬಂತು. ಪಿಲ್ಲರಿನ ದಪ್ಪ 26.8 ಮಿಲಿಮೀಟರ್, ಸಿಕ್ಕ ಹೊಸದು 27.2. ಅದನ್ನು ಅದೇ ಲೇಥಿನಲ್ಲಿ 0.4 ಮಿಲಿಮೀಟರ್ ಇಳಿಸಿಕೊಂಡೆ.

ಟಯರಿಗೆ ಹುಡುಕಾಟವಿಲ್ಲ, 26×1.95 ಹುಬ್ಬಳ್ಳಿಯಲ್ಲಿ ಎಲ್ಲೆಲ್ಲೂ ಇದೆ. 26×1⅜ ಅಂತ ಬರೆದದ್ದನ್ನು ಮಾತ್ರ ತರಬೇಡಿ. ಹೆಸರಲ್ಲಿ 26 ಇದ್ದರೂ ರಿಮ್ಮಿನ ಅಳತೆ 590 ಮಿಲಿಮೀಟರ್, ನಮಗೆ ಬೇಕಾದ್ದು 559.

ಬ್ರೇಕಿನಲ್ಲಿ ಮಾತ್ರ ನನ್ನ ತೀರ್ಪು ಎರಡು ಸಲ ಬದಲಾಯಿತು. ಹಳೇದು ಕ್ಯಾಂಟಿಲಿವರ್, ನಡುವಿನ ಕೇಬಲ್ ಮೇಲಕ್ಕೆ ಎಳೆದಾಗ ಎರಡು ತೋಳು ರಿಮ್ಮನ್ನು ಒತ್ತುವ ಬಗೆ. ಹೊಸದು ಅಂಗಡಿಯವರು ಪವರ್ ಬ್ರೇಕ್ ಅನ್ನುವ ವಿ-ಬ್ರೇಕ್, ಶಿಮಾನೊ ತಂದದ್ದು 1996ರಲ್ಲಿ. ಫೋರ್ಕಿನ ಅದೇ ಗೂಟಗಳಿಗೆ ಎರಡೂ ಕೂರುತ್ತವೆ. ಆದರೆ ಹಳೇ ಲಿವರ್ ಸಾಲದು, ವಿ-ಬ್ರೇಕಿಗೆ ಕೇಬಲ್ ಹೆಚ್ಚು ಉದ್ದ ಎಳೆಯಬೇಕು. ಹಳೇ ಲಿವರಿನಲ್ಲಿ ಹಿಡಿದಾಗ ಅದು ಹ್ಯಾಂಡಲ್ಲಿಗೇ ತಾಗಿತು. ಲಿವರ್ ಬದಲಿಸಿ ಕವಿವಿ ಇಳಿಜಾರಿನಲ್ಲಿ ಒಂದು ತಿಂಗಳು ಓಡಿಸಿದೆ. ಎರಡು ಬೆರಳು ಸಾಕು, ಒದ್ದೆ ರಸ್ತೆಯಲ್ಲೂ ನಿಂತಲ್ಲೇ ನಿಲ್ಲುತ್ತದೆ. ಆಮೇಲೆ ಕ್ಯಾಂಟಿಲಿವರಿಗೆ ಹೊಸ ರಬ್ಬರು, ಹೊಸ ಕೇಬಲ್ ಹಾಕಿ ಮತ್ತೊಂದು ತಿಂಗಳು. ಮೂರು ಬೆರಳು ಬೇಕು, ಮಳೆಯಲ್ಲಿ ಸ್ವಲ್ಪ ಮುಂಚೆ ಹಿಡಿಯಬೇಕು, ಹಿಡಿತ ಮಾತ್ರ ನಯವಾಗಿ ಏರುತ್ತದೆ. ಶಕ್ತಿ ಒಂದೇ ನೋಡಿದರೆ ಪವರ್ ಬ್ರೇಕ್ ಗೆದ್ದಿತು.

ಆದರೆ ಸೀಟಿನ ಹಿಂದೆ, ಎರಡು ಸಣ್ಣ ಕೊಳವೆಗಳ ನಡುವೆ, ಕ್ಯಾಂಟಿಲಿವರಿನ ಕೇಬಲ್ ಹಾಯಲೆಂದೇ ಆತ ಬೆಸೆದ ಕಿರುಬೆರಳಿನಷ್ಟು ಕೊಂಡಿ ಇದೆ. ಅದಕ್ಕೂ ಅದೇ ಅರದ ಕೆಲಸ. ವಿ-ಬ್ರೇಕ್ ಹಾಕಿದ ತಿಂಗಳೆಲ್ಲ ಅದು ಖಾಲಿ ನಿಂತಿತ್ತು. ಈಗ ಅದರೊಳಗೆ ಕೇಬಲ್ ಹಾಯ್ದಿದೆ. ಪವರ್ ಬ್ರೇಕ್ ರೇಂಜರಿಗೆ ಹೋಯಿತು, ಮಗನಿಗೆ ಅದೇ ಬೇಕಾಗಿತ್ತು.