ಹೊಸ ಒಡಂಬಡಿಕೆ ರೂಪುಗೊಂಡ ಬಗೆ: ಒಂದು ಆನ್‌ಲೈನ್ ಉಪನ್ಯಾಸ ಸರಣಿಯ ವಿಮರ್ಶೆ

ಬೈಬಲ್ಲಿನ ಪುಸ್ತಕಗಳನ್ನು ಕ್ರಿ.ಶ. 325ರಲ್ಲಿ ಬಿಷಪ್‌ಗಳು ಸೇರಿದ್ದ ನೈಸಿಯಾ ಸಭೆಯೇ ಆರಿಸಿತೆಂಬ ಜನಜನಿತ ತಪ್ಪು ಕಲ್ಪನೆಯನ್ನು ಆಧಾರಸಹಿತವಾಗಿ ಅಳಿಸುವುದೇ ಈ ಸರಣಿಯ ದೊಡ್ಡ ಗುಣ. ಆ ಸಭೆಯ ಮುಖ್ಯ ಚರ್ಚೆ ಯೇಸು ದೇವರಿಗೆ ಸಮನಲ್ಲ, ದೇವರಿಂದ ಸೃಷ್ಟಿಯಾದವನು ಎಂಬ ಪಾದ್ರಿ ಏರಿಯಸ್‌ನ ವಾದದ ಕುರಿತಾಗಿತ್ತು. ಎರಡನೆಯ ಶತಮಾನದಲ್ಲಿ ಕ್ರೈಸ್ತ ಬೋಧಕ ಮಾರ್ಸಿಯನ್ ಹಳೆಯ ಒಡಂಬಡಿಕೆಯನ್ನು ತಳ್ಳಿಹಾಕಿ, ಲೂಕನ ಸುವಾರ್ತೆಯ ಒಂದು ರೂಪವನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಉಳಿಸಿಕೊಂಡದ್ದು, ಬಿಷಪ್ ಐರೇನಿಯಸ್ ನಾಲ್ಕೂ ಸುವಾರ್ತೆಗಳು ಬೇಕೆಂದು ಪಟ್ಟು ಹಿಡಿದದ್ದು, ಕೊನೆಗೆ 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ತನ್ನ ಈಸ್ಟರ್ ಪತ್ರದಲ್ಲಿ ಇಂದಿನ ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ಹೆಸರಿಸಿದ್ದು, ಇವನ್ನೆಲ್ಲ ಉಪನ್ಯಾಸಕರು ಅವಸರವಿಲ್ಲದೆ ಬಿಡಿಸಿಡುತ್ತಾರೆ. ನಾಲ್ಕನೆಯ ಶತಮಾನದ ಬೈಬಲ್ಲಿನ ಸಿನಾಯ್ ಹಸ್ತಪ್ರತಿಯಲ್ಲಿ, ಈಗಿನ ಕೊನೆಯ ಪುಸ್ತಕವಾದ ಪ್ರಕಟನೆಯ ನಂತರ, ಇಂದಿನ ಬೈಬಲ್ಲಿನಲ್ಲಿಲ್ಲದ ಬಾರ್ನಬನ ಪತ್ರವೂ ಸೇರಿರುವ ಪುಟವನ್ನು ತೆರೆದು ತೋರಿಸುವ ಭಾಗವಂತೂ ನನಗೆ ಅತ್ಯಂತ ಅಮೂಲ್ಯವೆನಿಸಿತು. ಆದರೆ ಹೊಸ ಒಡಂಬಡಿಕೆಯ 22 ಪುಸ್ತಕಗಳಷ್ಟೇ ಇದ್ದ, ಸಿರಿಯಾಕ್ ಭಾಷೆಯ ಬೈಬಲ್ ಅನುವಾದವಾದ ಪೆಶಿಟ್ಟಾದ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸಿರುವುದು ಗಂಭೀರ ಕೊರತೆ. ಅದಕ್ಕೊಂದು ಪ್ರತ್ಯೇಕ ಉಪನ್ಯಾಸವೇ ಬೇಕಿತ್ತು.